ಎರೆಭೂಮಿಯಲ್ಲಿ ಕಾಯಿಪಲ್ಯಕ್ಕೆ ಬೋದು ಕಟ್ಟುವ ಕ್ರಮ

ಎರೆಭೂಮಿಯಲ್ಲಿ ಮೆಣಸಿನಕಾಯಿ, ಬದನೆ, ಟೊಮೇಟೊ ಮೊದಲಾದವುಗಳನ್ನು ಸಮಪಾತಿಗಳಲ್ಲಿ ನಾಟಿಮಾಡಿ, ಪಾತಿ ತುಂಬ ನೀರು ನಿಲ್ಲಿಸುವ ವಾಡಿಕೆ ಕೆಲವೆಡೆ ಉಂಟು. ದೊಡ್ಡ ಮಳೆ ಬಿದ್ದು ಎರಡು ದಿನ ನೀರು ನಿಂತಿತೆಂದರೆ ಎಲೆ ಹಳದಿಯಾಗಿ ಗಿಡವು ಬಾಡುವುದು. ಬಾಡಿದ ಗಿಡಕ್ಕೆ ನೀರು ಸಾಲದೆಂದು ಭಾವಿಸಿ ಮತ್ತಷ್ಟು ಹಾಯಿಸಿದರೆ, ಉಳಿದ ಗಿಡಗಳೂ ಕೈಬಿಟ್ಟು ಹೋಗುವುವು.

ಇದಕ್ಕೆ ಕಾರಣವು ಮಣ್ಣಿನ ಗುಣದಲ್ಲಿಯೇ ಇರುವುದು. ಎರೆಮಣ್ಣು ನೆನೆದಾಗ ಉಬ್ಬಿ, ಅದರ ಸಂದುಗಳು ಮುಚ್ಚಿಕೊಳ್ಳುವುವು. ಬೇರಿಗೆ ನೀರು ಬೇಕಾದಂತೆಯೇ ಗಾಳಿಯೂ ಬೇಕು. ಗಾಳಿಯಿಲ್ಲದ ಬೇರು ನೀರನ್ನು ಹೀರಲಾರದೆ ಕೊಳೆಯುವುದು. ಗಿಡವು ಬೋದಿನ ಮೇಲಿದ್ದರೆ ನೀರು ಸಾಲಿನಲ್ಲಿ ಹರಿದು, ಪಕ್ಕದಿಂದ ಜಿನುಗಿ ಬೇರನ್ನು ಸೇರುವುದು. ಗಿಡದ ಬುಡದಲ್ಲಿ ನೀರು ನಿಲ್ಲದು.

ಬೋದು ಕಟ್ಟುವುದಕ್ಕೆ ಮೊದಲು ಭೂಮಿಯ ಹದವನ್ನು ನೋಡತಕ್ಕದ್ದು. ಒಂದು ಹಿಡಿ ಮಣ್ಣನ್ನು ಉಂಡೆಮಾಡಿ ಸೊಂಟದೆತ್ತರದಿಂದ ಬಿಟ್ಟಾಗ ಅದು ಪುಡಿಯಾಗಿ ಚೆದರಿದರೆ ಹದ ಸರಿಯಾಗಿದೆ. ಉಂಡೆಯಾಗಿಯೇ ಉಳಿದರೆ ಇನ್ನೂ ಹಸಿಯಿದೆ. ಹಸಿಯಲ್ಲಿ ಉತ್ತ ಎರೆಮಣ್ಣು ಒಣಗಿದ ಮೇಲೆ ಕಲ್ಲಿನಂಥ ಹೆಂಟೆಯಾಗುವುದು. ಹದದಲ್ಲಿ ಉತ್ತು, ಹೆಂಟೆ ಒಡೆದು, ಎಕರೆಗೆ ಸುಮಾರು 10 ಟನ್ನು ಚೆನ್ನಾಗಿ ಕಳಿತ ಕೊಟ್ಟಿಗೆಗೊಬ್ಬರವನ್ನು ಬೆರಸಬೇಕು.

ತರುವಾಯ ಎರಡರಿಂದ ಎರಡೂವರೆ ಅಡಿಗೊಂದರಂತೆ ಸಾಲು ತೆಗೆದು, ಆ ಮಣ್ಣಿನಿಂದ 6 ರಿಂದ 9 ಅಂಗುಲ ಎತ್ತರದ ಬೋದುಗಳನ್ನು ಏರಿಸತಕ್ಕದ್ದು. ಸಾಲುಗಳು ಇಳಿಜಾರಿಗೆ ನೇರವಾಗಿ ಓಡಕೂಡದು. ಓಡಿದರೆ ಮೇಲ್ಮಣ್ಣು ಕೊಚ್ಚಿಹೋಗುವುದು. ಇಳಿಜಾರಿಗೆ ಅಡ್ಡಲಾಗಿ, 100 ಅಡಿಗೆ ಮೂರು ನಾಲ್ಕು ಅಂಗುಲ ಮಾತ್ರ ಇಳಿಯುವಂತೆ ಸಾಲುಗಳನ್ನು ಬಿಡುವುದು ಲೇಸು. ಬೇಗ ಒಣಗುವ ಮರಳುಗೂಡಿದ ಕೆಮ್ಮಣ್ಣಿನಲ್ಲಿಯಾದರೋ ಬೋದಿನ ಎತ್ತರವನ್ನು ಕಡಮೆಮಾಡಬೇಕು.

ನಾಟಿಗೆ ಮುಂಚೆ ಸಾಲುಗಳಿಗೆ ಒಮ್ಮೆ ನೀರು ಹಾಯಿಸಿ, ಬೋದಿನ ಮಗ್ಗುಲಲ್ಲಿ ಮೂಡಿದ ನೀರಿನ ಗೆರೆಯನ್ನು ಗುರುತಿಸಿ, ಅದಕ್ಕಿಂತ ತುಸು ಮೇಲೆ ಸಸಿಯನ್ನು ನೆಡತಕ್ಕದ್ದು. ನೆತ್ತಿಯ ಮೇಲೆ ನೆಡುವುದು ಸಲ್ಲದು. ಏಕೆಂದರೆ ನೀರಿನೊಡನೆ ಏರಿದ ಉಪ್ಪು, ನೀರು ಆರಿದ ಬಳಿಕ ನೆತ್ತಿಯಲ್ಲಿಯೇ ಬಿಳಿಯ ಪದರವಾಗಿ ಉಳಿಯುವುದು. ಸವಳಿನ ಅಂಶವುಳ್ಳ ಹೊಲದಲ್ಲಿ ಈ ಎಚ್ಚರವು ಬಹಳ ಅವಶ್ಯಕ. ನಾಟಿಯಾಗಿ ಸುಮಾರು ಒಂದು ತಿಂಗಳಿಗೆ ಕಳೆ ತೆಗೆದು ಬುಡಕ್ಕೆ ಮಣ್ಣೇರಿಸುವಾಗಲೂ ಆ ಬಿಳಿಯ ಮಣ್ಣನ್ನು ಗಿಡದ ಕಡೆಗೆ ಎಳೆಯಕೂಡದು.

ಇಷ್ಟು ಮಾಡಿದರೂ, ಸಾಲಿನ ತುದಿಯಲ್ಲಿ ನೀರಿಗೆ ದಾರಿಯಿಲ್ಲದಿದ್ದರೆ ಕೆಲಸವು ಅರ್ಧವೇ ಸರಿ. 1953ರಲ್ಲಿ ತುಂಗಭದ್ರಾ ಕಾಲುವೆಗಳಿಗೆ ನೀರು ಬಂದ ತರುವಾಯ, ಬಸಿದುಹೋಗಲು ಮಾರ್ಗವಿಲ್ಲದೆ ಅಚ್ಚುಕಟ್ಟಿನ ಅನೇಕ ತಗ್ಗು ಹೊಲಗಳು ಸವಳು ಜವಳಿಗೆ ಈಡಾದುವು. ಮೇಲಿನ ಹೊಲದವನು ತನ್ನ ಬೋದುಗಳನ್ನು ಕಾಪಾಡಿಕೊಂಡು ಹೆಚ್ಚಿನ ನೀರನ್ನು ಕೆಳಗಿನವನ ಪೈರಿಗೆ ತಿರುಗಿಸಿದರೆ, ಒಬ್ಬನ ಲಾಭವು ಇನ್ನೊಬ್ಬನ ನಷ್ಟವಾಗುವುದು, ವೈಮನಸ್ಯವೂ ಬೆಳೆಯುವುದು.

ಬಸಿಗಾಲುವೆಯು ಒಬ್ಬನ ಹೊಲದಲ್ಲಿ ಮುಗಿಯುವ ಕೆಲಸವಲ್ಲ. ಆದಕಾರಣ ಗ್ರಾಮದ ಮುಖ್ಯಸ್ಥರು ಮಳೆಗಾಲಕ್ಕೆ ಮೊದಲೇ ಅಕ್ಕಪಕ್ಕದ ಜಮೀನುದಾರರನ್ನು ಕೂಡಿಸಿ, ನೀರು ಹಳ್ಳವನ್ನು ಸೇರುವ ದಾರಿಯನ್ನು ಹೊಲಗಳಲ್ಲಿ ನಡೆದು ನೋಡಿ ಗೊತ್ತುಮಾಡಬೇಕು. ಹೂಳು ತೆಗೆಯುವ ಭಾರವನ್ನು ಎಲ್ಲರಿಗೂ ಹಂಚಬೇಕು. ಜಮೀನುದಾರರು ಅದಕ್ಕೆ ಬೇಕಾದ ಒಂದೆರಡು ಮೊಳ ನೆಲವನ್ನು ಬಿಟ್ಟುಕೊಡಲು ಹಿಂಜರಿಯಬಾರದು. ಬಿಟ್ಟ ಆ ನೆಲವೇ ಉಳಿದ ಹೊಲವನ್ನು ಕಾಯುವುದು.