ದೋಸೆ ಹಿಟ್ಟು ಬೀದಿ ದಾಟಿದ ಕಥೆ

‘ಎಲ್ಲರ ಮನೆ ದೋಸೆಯೂ ತೂತೇ’ ಎಂಬ ಗಾದೆಯನ್ನು ಕೇಳದವರಿಲ್ಲ. ಆದರೆ ಆ ತೂತುಗಳನ್ನು ಮಾಡಿದವರು ಯಾರು ಎಂದು ಮಕ್ಕಳನ್ನು ಕೇಳಿ ನೋಡಿ. ಕೆಲವರು ‘ಕಾವಲಿಯ ಬಿಸಿ’ ಎನ್ನುತ್ತಾರೆ, ಇನ್ನು ಕೆಲವರು ‘ಸೋಡಾ ಪುಡಿ’ ಎನ್ನುತ್ತಾರೆ. ಬಿಸಿಯ ಪಾಲೂ ಇದೆ, ನಿಜ. ಆದರೆ ರಾತ್ರಿಯಿಡೀ ದುಡಿದು ತೂತಿಗೆ ಬೇಕಾದ ಅನಿಲವನ್ನು ಸಿದ್ಧಮಾಡಿಟ್ಟವರು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು.

ಈ ಸೂಕ್ಷ್ಮಜೀವಿಗಳಿಗೂ ವ್ಯಾಪಾರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಬಹಳವಿದೆ. ಸೋಪು, ಬಿಸ್ಕತ್ತು, ಟೂತ್‌ಪೇಸ್ಟ್ ತಯಾರಿಸುವ ಹೊಸ ಕಂಪೆನಿಯೊಂದು ತನ್ನ ಸರಕನ್ನು ಊರೂರಿಗೆ ತಲುಪಿಸಲು ಹಣ ಮತ್ತು ಜನಬಲವನ್ನು ಹುಡುಕಿದರೆ ಸಾಕು. ದೋಸೆ ಹಿಟ್ಟು ಮಾರುವವರು ಮೊದಲು ಬ್ಯಾಕ್ಟೀರಿಯಾಗಳ ಅಪ್ಪಣೆ ಪಡೆಯಬೇಕು! ಬೆಂಗಳೂರಿನಲ್ಲಿ 2005ರಲ್ಲಿ ಹುಟ್ಟಿದ ‘ಐಡಿ ಫ್ರೆಶ್ ಫುಡ್’ ಕಂಪೆನಿ ಒಂದು ಪುಟ್ಟ ಅಡುಗೆಮನೆಯಿಂದ ಹೊರಟು ದುಬೈವರೆಗೆ ಹೋದ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ.

ಹಿಟ್ಟಿನೊಳಗಿನ ಗಡಿಯಾರ

ಅಕ್ಕಿ ಮತ್ತು ಉದ್ದಿನಬೇಳೆಯನ್ನು ನೆನೆಹಾಕಿ ರುಬ್ಬಿದಾಗ, ಬೇಳೆಯ ಮೇಲೆ ಸಹಜವಾಗಿಯೇ ಇರುವ ಬ್ಯಾಕ್ಟೀರಿಯಾಗಳಿಗೆ ನೀರು, ಆಹಾರ ಎರಡೂ ಒಟ್ಟಿಗೆ ಸಿಗುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಲ್ಯೂಕೊನಾಸ್ಟಾಕ್ ಮೆಸೆಂಟರಾಯ್ಡಿಸ್. ಇದು ಸಕ್ಕರೆಯ ಅಂಶವನ್ನು ಒಡೆದು ಲ್ಯಾಕ್ಟಿಕ್ ಆಮ್ಲವನ್ನೂ ಕಾರ್ಬನ್ ಡೈಆಕ್ಸೈಡ್ ಅನಿಲವನ್ನೂ ಉಂಟುಮಾಡುತ್ತದೆ. ಆಮ್ಲದಿಂದ ಹುಳಿ, ಅನಿಲದಿಂದ ಉಬ್ಬು. ಉದ್ದಿನ ಅಂಟು ಆ ಅನಿಲವನ್ನು ಹಿಡಿದಿಟ್ಟುಕೊಳ್ಳುವುದರಿಂದ ಬೆಳಗಾಗುವಷ್ಟರಲ್ಲಿ ಹಿಟ್ಟು ಪಾತ್ರೆಯ ಮುಚ್ಚಳ ಎತ್ತುತ್ತದೆ.

ಮನೆಯ ಪಾತ್ರೆಯಲ್ಲಿ ಇದು ಸಂತೋಷದ ಸಂಗತಿ. ಪ್ಲಾಸ್ಟಿಕ್ ಪೊಟ್ಟಣದಲ್ಲಿ ಹಾಗಲ್ಲ. ಪ್ರೌಢಶಾಲೆಯ ರಸಾಯನಶಾಸ್ತ್ರದ ಲೆಕ್ಕವನ್ನೇ ಇಲ್ಲಿ ಮಾಡಿ ನೋಡೋಣ. 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಕೋಣೆಯ ಉಷ್ಣತೆಯಲ್ಲಿ ಸುಮಾರು 24 ಲೀಟರ್ ಜಾಗವನ್ನು ಬೇಡುತ್ತದೆ. ಎಂದರೆ ಬರೀ ಒಂದು ಗ್ರಾಂ ಅನಿಲಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಜಾಗ ಬೇಕು. ಬಿಗಿಯಾಗಿ ಮುಚ್ಚಿದ ಒಂದು ಕಿಲೋ ಪೊಟ್ಟಣದಲ್ಲಿ ಆ ಅನಿಲ ಎಲ್ಲಿಗೆ ಹೋಗಬೇಕು? ಪೊಟ್ಟಣ ಚೆಂಡಿನಂತೆ ಉಬ್ಬುತ್ತದೆ, ಒಮ್ಮೊಮ್ಮೆ ಒಡೆದೂ ಹೋಗುತ್ತದೆ.

ಉಪಾಯ ಒಂದೇ, ತಂಪು. ಉಷ್ಣತೆ ಹತ್ತು ಡಿಗ್ರಿ ಇಳಿದರೆ ಇಂಥ ಜೈವಿಕ ಕ್ರಿಯೆಗಳ ವೇಗ ಸರಿಸುಮಾರು ಅರ್ಧಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿಯುತ್ತದೆ. 30 ಡಿಗ್ರಿಯಲ್ಲಿ ರಾತ್ರಿಯೊಂದರಲ್ಲಿ ಮುಗಿಯುವ ಕೆಲಸ, 4 ಡಿಗ್ರಿಯ ಫ್ರಿಜ್ಜಿನಲ್ಲಿ ದಿನಗಟ್ಟಲೆ ಎಳೆಯುತ್ತದೆ. ಗಮನಿಸಿ, ಕೆಲಸ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಹಿಟ್ಟಿನೊಳಗಿನ ಗಡಿಯಾರ ಓಡುತ್ತಲೇ ಇರುತ್ತದೆ.

ಬೆಂಗಳೂರಿನದೇ ಆದ ಇನ್ನೊಂದು ಉದಾಹರಣೆಯೊಡನೆ ಹೋಲಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 1924ರಲ್ಲಿ ಆರಂಭವಾದ ಎಂ.ಟಿ.ಆರ್. ಹೋಟೆಲಿನವರು, ತುರ್ತು ಪರಿಸ್ಥಿತಿಯ ಕಾಲದಲ್ಲಿ (1975–77) ತಿಂಡಿಗಳ ಬೆಲೆಯ ಮೇಲೆ ಸರ್ಕಾರದ ನಿಯಂತ್ರಣ ಬಂದು ಹೋಟೆಲು ನಡೆಸುವುದೇ ಕಷ್ಟವಾದಾಗ, ರವೆ ಇಡ್ಲಿಯಂಥ ತಿಂಡಿಗಳ ಸಿದ್ಧ ಮಿಶ್ರಣದ ಮಾರಾಟಕ್ಕೆ ಇಳಿದರು. ಆ ಮಿಶ್ರಣ ಒಣಪುಡಿ. ನೀರಿಲ್ಲದೆಡೆ ಬ್ಯಾಕ್ಟೀರಿಯಾ ಬೆಳೆಯದು. ಆದ್ದರಿಂದ ಅದು ಏಜೆಂಟರ ಗೋದಾಮು, ಸ್ಟಾಕಿಸ್ಟರ ಮಳಿಗೆ, ಲಾರಿ, ಹಡಗು ಎಲ್ಲ ದಾಟಿ ತಿಂಗಳುಗಳ ನಂತರವೂ ಅಂಗಡಿಯ ಕಪಾಟಿನಲ್ಲಿ ನಿಶ್ಚಿಂತೆಯಿಂದ ಕೂರಬಲ್ಲದು. ಅರ್ಧಕ್ಕಿಂತ ಹೆಚ್ಚು ನೀರೇ ಇರುವ ಹಸಿ ಹಿಟ್ಟಿಗೆ ಆ ಭಾಗ್ಯವಿಲ್ಲ. ಅದಕ್ಕೆ ಬೇರೆಯೇ ದಾರಿ ಬೇಕು.

ಇಪ್ಪತ್ತು ಅಂಗಡಿ, ನೂರು ಪೊಟ್ಟಣ

ಐಡಿ ಕಂಪೆನಿಯ ಸ್ಥಾಪಕರಲ್ಲಿ ಒಬ್ಬರಾದ ಪಿ.ಸಿ. ಮುಸ್ತಫಾ ಕೇರಳದ ವಯನಾಡಿನ ಒಂದು ಸಣ್ಣ ಹಳ್ಳಿಯವರು. ಆರನೆಯ ತರಗತಿಯಲ್ಲಿ ನಪಾಸಾಗಿ, ಶಾಲೆ ಬಿಟ್ಟು ತಂದೆಯೊಡನೆ ಕೂಲಿಗೆ ಹೊರಟಿದ್ದ ಹುಡುಗ. ಗಣಿತದ ಮೇಷ್ಟ್ರೊಬ್ಬರು ಒತ್ತಾಯಿಸಿ ಮತ್ತೆ ಶಾಲೆಗೆ ಕರೆತಂದರೆಂದು ಅವರೇ ಹಲವು ಬಾರಿ ಹೇಳಿಕೊಂಡಿದ್ದಾರೆ. ಮುಂದೆ ಕಲ್ಲಿಕೋಟೆಯಲ್ಲಿ ಎಂಜಿನಿಯರಿಂಗ್ ಓದಿ, ದೇಶ ವಿದೇಶಗಳಲ್ಲಿ ನೌಕರಿ ಮಾಡಿ, ಬೆಂಗಳೂರಿನ ಐಐಎಂನಲ್ಲಿ ಆಡಳಿತ ನಿರ್ವಹಣೆಯ ಪದವಿ ಪಡೆದರು.

ಅವರ ಸೋದರ ಸಂಬಂಧಿಗಳು ಬೆಂಗಳೂರಿನಲ್ಲಿ ದಿನಸಿ ಅಂಗಡಿ ನಡೆಸುತ್ತಿದ್ದರು. ಆಗ ಅಂಗಡಿಗಳಿಗೆ ದೋಸೆ ಹಿಟ್ಟು ಬರುತ್ತಿದ್ದದ್ದು ರಬ್ಬರ್ ಬ್ಯಾಂಡ್ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ. ಗಿರಾಕಿಗಳಿಂದ ದೂರುಗಳು ಬರುತ್ತಿದ್ದವು. ಇದನ್ನು ಕಂಡ ಬಂಧುಗಳಿಗೆ ‘ನಾವೇ ಶುಚಿಯಾಗಿ ಮಾಡಿ ಕೊಟ್ಟರೆ ಹೇಗೆ?’ ಎನಿಸಿತು. ಸುಮಾರು 50 ಚದರಡಿಯ ಅಡುಗೆಮನೆ, ಎರಡು ಗ್ರೈಂಡರ್, ಒಂದು ಮಿಕ್ಸರ್, ಪೊಟ್ಟಣ ಮುಚ್ಚುವ ಒಂದು ಯಂತ್ರ, ಇಷ್ಟೇ ಕಾರ್ಖಾನೆ. ಇಡ್ಲಿ, ದೋಸೆ ಎರಡರ ಮೊದಲ ಅಕ್ಷರಗಳೇ ಹೆಸರಾದವು.

ಅವರು ಇಟ್ಟುಕೊಂಡ ಗುರಿ 20 ಅಂಗಡಿಗಳಲ್ಲಿ ದಿನಕ್ಕೆ 100 ಪೊಟ್ಟಣ. ಭಾಗಿಸಿ ನೋಡಿ, ಅಂಗಡಿಯೊಂದಕ್ಕೆ ಐದೇ ಪೊಟ್ಟಣ! ಅಷ್ಟನ್ನು ಮುಟ್ಟಲು ಅವರಿಗೆ ಒಂಬತ್ತು ತಿಂಗಳು ಹಿಡಿಯಿತು. ಅಂಗಡಿಯವರ ಅನುಮಾನ ಸಹಜವೇ ಆಗಿತ್ತು. ಹೆಸರು ಕೇಳದ ಕಂಪೆನಿ, ಫ್ರಿಜ್ಜಿನ ಜಾಗ ತಿನ್ನುವ ಸರಕು, ಉಳಿದರೆ ಹುಳಿಯಾಗುವ ಭಯ. ಹಾಲು, ಐಸ್‌ಕ್ರೀಂ, ತಂಪು ಪಾನೀಯಗಳ ನಡುವೆ ಹಿಟ್ಟಿಗೆ ಒಂದು ಗೇಣು ಜಾಗ ಗಿಟ್ಟಿಸುವುದೇ ಮೊದಲ ಗೆಲುವು.

ಉಳಿದ ಪೊಟ್ಟಣದ ಲೆಕ್ಕ

ಸಾಮಾನ್ಯವಾಗಿ ಸರಕು ಕಂಪೆನಿಯಿಂದ ಏಜೆಂಟರಿಗೆ, ಅಲ್ಲಿಂದ ಡಿಸ್ಟ್ರಿಬ್ಯೂಟರಿಗೆ, ಅಲ್ಲಿಂದ ಚಿಲ್ಲರೆ ಅಂಗಡಿಗೆ ಹೋಗುತ್ತದೆ. ಪ್ರತಿ ಮೆಟ್ಟಿಲಿನಲ್ಲೂ ಕೆಲವು ದಿನ ದಾಸ್ತಾನು. ಹಿಟ್ಟಿಗೆ ಇಂಥ ವಿಶ್ರಾಂತಿಯ ಮೆಟ್ಟಿಲುಗಳನ್ನು ಕೊಡಲಾಗದು. ತಯಾರಾದ ಹಿಟ್ಟು ತಂಪು ವಾಹನದಲ್ಲಿ ನೇರವಾಗಿ ಅಂಗಡಿಗೆ ಹೋಗಬೇಕು. ಹೊಸ ಪೊಟ್ಟಣ ಇಡುವವನೇ ಅವಧಿ ಮುಗಿಯುತ್ತ ಬಂದದ್ದನ್ನು ಹಿಂದಕ್ಕೆ ತರಬೇಕು.

ಎಷ್ಟು ಇಡಬೇಕು? ಇದೇ ಇಲ್ಲಿನ ಕಠಿಣ ಪ್ರಶ್ನೆ. ಒಂದು ಕಲ್ಪಿತ ಲೆಕ್ಕ ಮಾಡೋಣ. ಪೊಟ್ಟಣವೊಂದಕ್ಕೆ ತಯಾರಿಕೆ, ಸಾಗಣೆ ಸೇರಿ 20 ರೂಪಾಯಿ ಖರ್ಚು. ಮಾರಿದರೆ 5 ರೂಪಾಯಿ ಲಾಭ. ಒಂದು ಅಂಗಡಿಗೆ 10 ಪೊಟ್ಟಣ ಕೊಟ್ಟು 8 ಮಾರಾಟವಾದವು, 2 ಉಳಿದವು. ಲಾಭ 40 ರೂಪಾಯಿ, ನಷ್ಟವೂ 40 ರೂಪಾಯಿ. ಇಡೀ ದಿನದ ದುಡಿಮೆಗೆ ಸೊನ್ನೆ! ‘ಹಾಗಾದರೆ 8 ಮಾತ್ರ ಕೊಟ್ಟರಾಯಿತು’ ಎನ್ನುವಿರಾ? ಮರುದಿನ ಭಾನುವಾರ, 12 ಜನ ಕೇಳುತ್ತಾರೆ. ಬರಿಗೈಯಲ್ಲಿ ಹಿಂತಿರುಗಿದ ನಾಲ್ವರು ಬೇರೆ ಹಿಟ್ಟನ್ನು ಕೊಂಡು, ಅದಕ್ಕೇ ಒಗ್ಗಿಹೋಗಬಹುದು.

ಆದ್ದರಿಂದ ವಾರದ ಯಾವ ದಿನ, ಯಾವ ಬೀದಿಯಲ್ಲಿ, ಯಾವ ಹಬ್ಬದ ಹಿಂದುಮುಂದು ಎಷ್ಟು ಮಾರಾಟವಾಗುತ್ತದೆ ಎಂಬುದನ್ನು ಅಂಗಡಿ ಅಂಗಡಿಗೂ ಬರೆದಿಡಬೇಕಾಗುತ್ತದೆ. ಶಾಲೆಯಲ್ಲಿ ಸರಾಸರಿ ಕಲಿಯುವಾಗ ‘ಇದು ಯಾತಕ್ಕೆ ಬೇಕು ಸಾರ್?’ ಎಂದು ಕೇಳುವ ವಿದ್ಯಾರ್ಥಿಗಳಿಗೆ ಉತ್ತರ ಇಲ್ಲಿದೆ. ಸರಾಸರಿ ಮಾತ್ರ ಸಾಲದು, ಸರಾಸರಿಯಿಂದ ದಿನದಿನಕ್ಕೆ ಎಷ್ಟು ಏರುಪೇರಾಗುತ್ತದೆ ಎಂಬುದೂ ಬೇಕು. ಇಪ್ಪತ್ತು ಅಂಗಡಿಗಳಲ್ಲಿ ಈ ಲೆಕ್ಕ ಕೈಹಿಡಿಯದೆ ನಾನೂರು ಅಂಗಡಿಗೆ ಹೋದರೆ ನಷ್ಟವೂ ಇಪ್ಪತ್ತು ಪಟ್ಟು ಆಗುತ್ತದೆ. ಮೊದಲ ಒಂಬತ್ತು ತಿಂಗಳು ವ್ಯರ್ಥವಾಗಲಿಲ್ಲ ಎನ್ನುವುದು ಇದಕ್ಕೇ.

ಊರಿಂದ ಊರಿಗೆ

ಬೇಡಿಕೆ ಖಚಿತವಾದ ಮೇಲೆಯೇ ಅಡುಗೆಮನೆ ದೊಡ್ಡದಾಯಿತು. 2008ರ ಸುಮಾರಿಗೆ ಹೊಸಕೋಟೆಯ ಕೈಗಾರಿಕಾ ಪ್ರದೇಶದಲ್ಲಿ ತಯಾರಿಕೆ ಆರಂಭವಾಯಿತು. ಜೊತೆಗೆ ಪರೋಟ ಬಂತು. ಇದರಲ್ಲೊಂದು ಜಾಣತನವಿದೆ. ಹೇಗೂ ತಂಪು ವಾಹನ ಬೆಳಿಗ್ಗೆ ಅಂಗಡಿಯ ಬಾಗಿಲಿಗೆ ಹೋಗಲೇಬೇಕು. ಡೀಸೆಲ್ ಖರ್ಚು, ಚಾಲಕನ ಸಂಬಳ ಅಷ್ಟೇ. ಅದೇ ವಾಹನದಲ್ಲಿ ಪರೋಟ, ಚಪಾತಿ, ಮೊಸರು, ಪನೀರ್ ಕೂಡ ಹೋದರೆ ಪ್ರತಿ ಪೊಟ್ಟಣದ ಸಾಗಣೆ ವೆಚ್ಚ ಇಳಿಯುತ್ತದೆ. ಒಮ್ಮೆ ಕಷ್ಟಪಟ್ಟು ಕಟ್ಟಿದ ದಾರಿಯಲ್ಲಿ ಎರಡನೆಯ ಸರಕನ್ನು ಕಳಿಸುವುದು ಸುಲಭ.

ಚೆನ್ನೈ, ಹೈದರಾಬಾದ್, ಮುಂಬೈಗಳಿಗೆ ಹೋಗುವಾಗ ಮತ್ತೆ ಬ್ಯಾಕ್ಟೀರಿಯಾಗಳ ಪ್ರಶ್ನೆ ಎದುರಾಯಿತು. ಬೆಂಗಳೂರಿನಲ್ಲಿ ರುಬ್ಬಿ ಮುಂಬೈಗೆ ಸಾಗಿಸಿದರೆ ಹಿಟ್ಟಿನ ಆಯುಸ್ಸಿನ ಒಂದು ಭಾಗ ಹೆದ್ದಾರಿಯಲ್ಲೇ ಕಳೆಯುತ್ತದೆ. ಮೇಲಾಗಿ, ಸಾಗಿಸುವ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು! ನೀರನ್ನು ಸಾವಿರ ಕಿಲೋಮೀಟರ್ ಹೊತ್ತೊಯ್ಯುವುದಕ್ಕಿಂತ, ಮಾರುಕಟ್ಟೆಯ ಹತ್ತಿರವೇ ರುಬ್ಬುವುದು ಲೇಸು. ಕಂಪೆನಿ ಮಾಡಿದ್ದೂ ಅದನ್ನೇ. 2013ರ ಸುಮಾರಿಗೆ ಕನ್ನಡಿಗರೂ ಮಲಯಾಳಿಗಳೂ ತಮಿಳರೂ ತುಂಬಿರುವ ದುಬೈ ಮಾರುಕಟ್ಟೆಗೆ ಕಾಲಿಟ್ಟಾಗಲೂ ಇದೇ ನೀತಿ. 2014ರಲ್ಲಿ ಹೀಲಿಯನ್ ಸಂಸ್ಥೆ 35 ಕೋಟಿ ರೂಪಾಯಿಗಳನ್ನೂ, 2017ರಲ್ಲಿ ಪ್ರೇಮ್‌ಜಿ ಇನ್ವೆಸ್ಟ್ ಸುಮಾರು 170 ಕೋಟಿ ರೂಪಾಯಿಗಳನ್ನೂ ಹೂಡಿದವು. ಹೊಸ ಊರು ಎಂದರೆ ಹೊಸ ಕಾರ್ಖಾನೆ, ಹೊಸ ವಾಹನಗಳ ಸಾಲು. ಇಂಥ ವಿಸ್ತರಣೆಗೆ ದೊಡ್ಡ ಬಂಡವಾಳ ಬೇಕಾಗುವುದು ಇದೇ ಕಾರಣಕ್ಕೆ.

ಕಿರಾಣಿ ಅಂಗಡಿಯ ಜೊತೆಗೆ ಸೂಪರ್ ಮಾರುಕಟ್ಟೆಗಳು ಬಂದವು. 2011ರಲ್ಲಿ ಬೆಂಗಳೂರಿನಲ್ಲೇ ಆರಂಭವಾದ ಬಿಗ್‌ಬಾಸ್ಕೆಟ್, 2020ರಲ್ಲಿ ಬಂದ ಸ್ವಿಗ್ಗಿ ಇನ್‌ಸ್ಟಾಮಾರ್ಟ್‌ನಂಥ ಮನೆಬಾಗಿಲಿಗೆ ತಲುಪಿಸುವ ಸೇವೆಗಳು ಮತ್ತೊಂದು ದಾರಿ ತೆರೆದವು. ಗಿರಾಕಿಗೆ ಕಾಣುವುದು ಮೊಬೈಲ್ ಪರದೆ. ಆದರೆ ಅದರ ಹಿಂದೆ ಬಡಾವಣೆಯೊಳಗೆ ಒಂದು ಗೋದಾಮು, ಗೋದಾಮಿನಲ್ಲಿ ಒಂದು ಫ್ರಿಜ್ ಇರಲೇಬೇಕು. ದಾರಿ ಹೊಸದಾದರೂ 4 ಡಿಗ್ರಿಯ ನಿಯಮ ಹಳೆಯದೇ.

ನಂಬಿಕೆ ಎಂಬ ಸರಕು

2016ರ ಸುಮಾರಿಗೆ ಐಡಿಯವರು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ, ಕಚೇರಿಗಳಲ್ಲಿ ಒಂದು ವಿಚಿತ್ರ ಪ್ರಯೋಗ ಮಾಡಿದರು. ತಂಪು ಪೆಟ್ಟಿಗೆಯಲ್ಲಿ ಪೊಟ್ಟಣಗಳನ್ನು ಇಟ್ಟು ಹೋಗುವುದು. ಅಲ್ಲಿ ಮಾರುವವನಿಲ್ಲ, ಕಾಯುವವನಿಲ್ಲ. ಬೇಕಾದವರು ತೆಗೆದುಕೊಂಡು ಹಣ ಹಾಕಿ ಹೋಗಬೇಕು. ಇದಕ್ಕೆ ‘ಟ್ರಸ್ಟ್ ಶಾಪ್’ ಎಂದು ಹೆಸರು.

ನಂಬಿಕೆಯ ಇನ್ನೊಂದು ಮುಖವನ್ನೂ ಅವರು ನೋಡಬೇಕಾಯಿತು. ಹಿಟ್ಟಿನಲ್ಲಿ ಪ್ರಾಣಿಗಳ ಮೂಳೆ ಬೆರೆಸುತ್ತಾರೆಂಬ ಸುಳ್ಳು ಸುದ್ದಿ 2021ರಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಹರಡಿತು. ತಮ್ಮ ಹಿಟ್ಟಿನಲ್ಲಿ ಸಸ್ಯಮೂಲದ ಪದಾರ್ಥಗಳು ಮಾತ್ರ ಇವೆಯೆಂದು ಕಂಪೆನಿ ಸಾರ್ವಜನಿಕವಾಗಿ ಸ್ಪಷ್ಟಪಡಿಸಿ ದೂರು ನೀಡಬೇಕಾಯಿತು. ಹದಿನಾರು ವರ್ಷ ಅಂಗಡಿ ಅಂಗಡಿ ಅಲೆದು ಗಳಿಸಿದ್ದನ್ನು ಒಂದು ಸುಳ್ಳು ಸಂದೇಶ ಕೆಲವೇ ಗಂಟೆಗಳಲ್ಲಿ ಅಲುಗಾಡಿಸಬಲ್ಲದು. ಪರಿಶೀಲಿಸದೆ ಸಂದೇಶ ರವಾನಿಸುವ ನಾವು, ನಮ್ಮ ಮಕ್ಕಳು ಇದನ್ನು ನೆನಪಿಡಬೇಕು.

ಹಾಲಿನ ದಾರಿಯಲ್ಲಿ ಹಿಟ್ಟು

2024ರ ಡಿಸೆಂಬರಿನಲ್ಲಿ ಕಥೆಗೆ ಹೊಸ ತಿರುವು ಬಂತು. ಕರ್ನಾಟಕ ಹಾಲು ಮಹಾಮಂಡಳ ಬೆಂಗಳೂರಿನಲ್ಲಿ ‘ನಂದಿನಿ’ ಹೆಸರಿನ ಇಡ್ಲಿ, ದೋಸೆ ಹಿಟ್ಟನ್ನು ಬಿಡುಗಡೆ ಮಾಡಿತು. ಹಾಲಿನ ಸಂಸ್ಥೆಗೆ ಹಿಟ್ಟಿನ ಉಸಾಬರಿ ಏಕೆ? ಯೋಚಿಸಿ ನೋಡಿ. ಬೆಳಗಿನ ಜಾವ ಹೊರಡುವ ವಾಹನಗಳು, ಬೀದಿಬೀದಿಯ ಬೂತುಗಳು, ತಂಪು ಪೆಟ್ಟಿಗೆಗಳು, ದಿನವೂ ಬರುವ ಗಿರಾಕಿಗಳು, ಎಲ್ಲವೂ ಅವರ ಬಳಿ ಆಗಲೇ ಇದ್ದವು. ಐಡಿ ಬಳಿ ಹಿಟ್ಟಿತ್ತು, ದಾರಿ ಕಟ್ಟಿಕೊಂಡಿತು. ನಂದಿನಿಯ ಬಳಿ ದಾರಿಯಿತ್ತು, ಅದರಲ್ಲಿ ಹಿಟ್ಟನ್ನು ಕಳಿಸಿತು.

ಹಾಗೆಂದು ಸಣ್ಣವರಿಗೆ ಜಾಗವಿಲ್ಲವೆಂದಲ್ಲ. ಬೆಳಿಗ್ಗೆ ರುಬ್ಬಿ ಸಂಜೆಯೊಳಗೆ ತಮ್ಮ ಬೀದಿಯಲ್ಲೇ ಮಾರಿ ಮುಗಿಸುವ ಗೃಹಿಣಿಯರು ಎಷ್ಟೋ ಬಡಾವಣೆಗಳಲ್ಲಿದ್ದಾರೆ. ಅವರಿಗೆ ತಂಪು ವಾಹನ ಬೇಡ, ಬಿಗಿ ಪೊಟ್ಟಣ ಬೇಡ. ಹಿಟ್ಟಿನ ಗಡಿಯಾರ ಎಚ್ಚರಿಸುವ ಮೊದಲೇ ಪಾತ್ರೆ ಖಾಲಿ. ಅವರ ದೂರಕ್ಕೆ ಅವರ ದಾರಿಯೇ ಸರಿ. ದೂರ ಹೆಚ್ಚಿದಂತೆಲ್ಲ ತಂಪು, ಲೆಕ್ಕ, ನಂಬಿಕೆ ಈ ಮೂರನ್ನೂ ಹೆಚ್ಚಿಸಿಕೊಳ್ಳಬೇಕು. ಸರಕಿನ ಸ್ವಭಾವ ತಿಳಿಯದೆ ಮಾರಾಟದ ಜಾಲ ಹರಡಿದವರು ಉಳಿದ ಪೊಟ್ಟಣಗಳನ್ನು ಎಣಿಸುತ್ತ ಕೂರಬೇಕಾಗುತ್ತದೆ.

ಮಕ್ಕಳೇ, ಈ ಭಾನುವಾರ ಒಂದು ಪ್ರಯೋಗ ಮಾಡಿ. ಮನೆಯಲ್ಲಿ ರುಬ್ಬಿದ ಹಿಟ್ಟನ್ನು ಎರಡು ಲೋಟಗಳಲ್ಲಿ ಅರ್ಧರ್ಧ ತುಂಬಿ, ಮಟ್ಟವನ್ನು ಪೆನ್ನಿನಿಂದ ಗುರುತು ಮಾಡಿ. ಒಂದು ಅಡುಗೆಮನೆಯ ಕಟ್ಟೆಯ ಮೇಲಿರಲಿ, ಇನ್ನೊಂದು ಫ್ರಿಜ್ಜಿನಲ್ಲಿರಲಿ. ಎರಡು ಗಂಟೆಗೊಮ್ಮೆ ಅಳತೆ ಬರೆದುಕೊಳ್ಳಿ. ಮರುದಿನ ಬೆಳಿಗ್ಗೆ ಹಾಲು ತರಲು ಹೋದಾಗ ಅಂಗಡಿಯ ಫ್ರಿಜ್ಜಿನಲ್ಲಿ ಎಷ್ಟು ಬಗೆಯ ಹಿಟ್ಟುಗಳಿವೆ, ಅವುಗಳ ಮೇಲೆ ಯಾವ ತಾರೀಖು ಅಚ್ಚಾಗಿದೆ ಎಂದು ನೋಡಿ. ಆಮೇಲೆ ಮನೆಗೆ ಬಂದು ದೋಸೆ ತಿನ್ನುವಾಗ ಅದರ ತೂತುಗಳನ್ನು ಎಣಿಸಬಹುದು!