ಲಾಯವನ್ನು ಮುಚ್ಚಿ ಕಟ್ಟಬಹುದೇ?

ಪ್ರಶ್ನೆ: ನಾಶಿಕದ ಸಾತಪುರದಂಥ ಹೊರವಲಯದಲ್ಲಿ ಕುದುರೆ ಸಾಕುವವರು ಲಾಯವನ್ನು ನಾಲ್ಕೂ ಕಡೆ ಮುಚ್ಚಿ ಕಟ್ಟಬಹುದೇ?

ಉತ್ತರ: ಖಂಡಿತ ಕೂಡದು. ಕುದುರೆ ಮೂಗಿನಿಂದ ಮಾತ್ರ ಉಸಿರಾಡುವ ಪ್ರಾಣಿ. ಗಂಜಲ ಕೊಳೆತಾಗ ಏಳುವ ಅಮೋನಿಯಾ, ಎಂದರೆ ಕಣ್ಣು ಮೂಗು ಉರಿಸುವ ಘಾಟು ಅನಿಲ, ಮತ್ತು ಒಣಹುಲ್ಲಿನ ದೂಳು ಅದರ ಶ್ವಾಸಕೋಶವನ್ನು ಕೆಡಿಸಿ ಬಹುಕಾಲದ ಕೆಮ್ಮು ತರಬಲ್ಲವು. ತಲೆ ತಗ್ಗಿಸಿ ಮೇಯುವ ಕುದುರೆಯ ಮೂಗು ನೆಲಕ್ಕೆ ಹತ್ತಿರವಿರುವುದರಿಂದ, ನಿಂತ ಮಾಲೀಕನಿಗೆ ವಾಸನೆ ತಟ್ಟುವ ಮೊದಲೇ ಅದಕ್ಕೆ ತೊಂದರೆ ಆರಂಭವಾಗಿರುತ್ತದೆ. ಆದಕಾರಣ ಒಂದು ಕುದುರೆಗೆ ಸುಮಾರು 12 ಅಡಿ ಉದ್ದಗಲದ ಅಂಕಣ, ಎತ್ತರದ ಸೂರು, ಅದರಡಿ ಸದಾ ತೆರೆದ ಗಾಳಿಕಿಂಡಿ, ಗಂಜಲ ಹರಿದುಹೋಗುವಷ್ಟು ಇಳಿಜಾರಿದ್ದೂ ಗೊರಸು ಜಾರದ ನೆಲ ಬೇಕು. ಮುಂಗಾರಿನ ಎರಚಲು ಹೊಡೆಯುವ ಪಶ್ಚಿಮದ ಗೋಡೆಯನ್ನು ಭದ್ರಪಡಿಸಿದರೆ ಸಾಕು. ನಿಂತೇ ತೂಕಡಿಸಬಲ್ಲ ಕುದುರೆಯೂ ಗಾಢನಿದ್ರೆಗೆ ಮಲಗಲೇಬೇಕಾದ್ದರಿಂದ ದೂಳಿಲ್ಲದ ಒಣ ಹುಲ್ಲಿನ ಹಾಸು ಅಗತ್ಯ.

ಆದರೆ ಲಾಯ ಎಷ್ಟೇ ಚೆನ್ನಾಗಿದ್ದರೂ ಬಯಲಿಗೆ ಸಮವಲ್ಲ. ಟಿಪ್ಪುವಿನ ಕಾಲದ ಅಶ್ವದಳದೊಂದಿಗೆ ನಂಟಿರುವ ತುಮಕೂರು ಜಿಲ್ಲೆಯ ಕುಣಿಗಲ್ ಕುದುರೆ ಫಾರಂ ನೂರಾರು ಎಕರೆ ಹರಡಿದೆ; ಅಂಥ ಬಯಲಿನಲ್ಲಿ ಓಡಿದರೆ ಮರಿಗಳ ಮೂಳೆ ಗಟ್ಟಿಯಾಗುತ್ತದೆ. ಅಷ್ಟು ಜಾಗವಿಲ್ಲದವರು ದಿನವೂ ಕೆಲವು ಗಂಟೆಯಾದರೂ ಕುದುರೆಯನ್ನು ಹೊರಗೆ ಬಿಡಬೇಕು. ಲದ್ದಿಯ ತಿಪ್ಪೆಯನ್ನು ಬಾವಿಯಿಂದಲೂ ನೆರೆಮನೆಯಿಂದಲೂ ದೂರವಿಟ್ಟು, ಧನುರ್ವಾಯು ಲಸಿಕೆಯನ್ನು ಕುದುರೆಗೂ ಸಾಕುವವರಿಗೂ ತಪ್ಪದೆ ಹಾಕಿಸಬೇಕು.