ಚೌಡಯ್ಯನವರ ಪಿಟೀಲಿಗೆ 7 ತಂತಿ ಇದ್ದದ್ದು 7 ಸ್ವರಕ್ಕಾಗಿಯೇ?

"ಸ್ವರ 7, ಅದಕ್ಕೇ ಚೌಡಯ್ಯನವರು ಪಿಟೀಲಿಗೆ 7 ತಂತಿ ಕಟ್ಟಿದರು" ಎಂಬ ಫಾರ್ವರ್ಡ್ ಅನ್ನು ಕುಳಗೇರಿ ಕ್ರಾಸ್‌ನ ಓದುಗರೊಬ್ಬರು ನಮಗೆ ಕಳಿಸಿದ್ದಾರೆ. ಮಗಳನ್ನು ಪಿಟೀಲು ಕ್ಲಾಸಿಗೆ ಸೇರಿಸುತ್ತಿದ್ದಾರಂತೆ. 4 ತಂತಿಯದ್ದನ್ನು ಕೊಂಡರೆ 3 ಸ್ವರ ಕಮ್ಮಿಯಾಗುತ್ತವೆಯೇ ಎಂಬುದು ಅವರ ಪ್ರಶ್ನೆ.

ಆಗುವುದಿಲ್ಲ. ಒಂದೇ ತಂತಿಯ ಮೇಲೆ ಏಳೂ ಸ್ವರ ಸಿಗುತ್ತವೆ. ಬೆರಳು ಒತ್ತಿದಂತೆ ಕಂಪಿಸುವ ಭಾಗ ಗಿಡ್ಡವಾಗುತ್ತದೆ, ಸ್ವರ ಏರುತ್ತದೆ. ಸರಿಯಾಗಿ ಅರ್ಧಕ್ಕೆ ಒತ್ತಿದರೆ ಮೇಲಿನ ಷಡ್ಜ. ಮಗಳಿಗೆ 4 ತಂತಿಯದ್ದೇ ಸಾಕು, ನೋಡಬೇಕಾದದ್ದು ಅಳತೆ. ಚಿಕ್ಕ ಮಕ್ಕಳ ಕೈಗೆ ಅರ್ಧ, ಮುಕ್ಕಾಲು ಸೈಜಿನ ಪಿಟೀಲುಗಳಿವೆ. ಗುರುಗಳನ್ನು ಕೇಳಿಯೇ ಕೊಳ್ಳಿ.

ಹಾಗಾದರೆ 7 ಯಾಕೆ? ಸದ್ದಿಗಾಗಿ. ಮೈಸೂರು ಸೀಮೆಯ ತಿರುಮಕೂಡಲಿನ ಚೌಡಯ್ಯ (1895–1967) ದೊಡ್ಡ ಗಾಯಕರಿಗೆ ಪಕ್ಕವಾದ್ಯ ನುಡಿಸುತ್ತಿದ್ದರು. ಆಗ ಮೈಕಿನ ಅನುಕೂಲ ಇರಲಿಲ್ಲ, ಹಿಂದಿನ ಸಾಲಿಗೆ ಪಿಟೀಲು ಕೇಳುತ್ತಿರಲಿಲ್ಲ. 1920ರ ದಶಕದಲ್ಲಿ ಅವರು ಇದ್ದ 4 ತಂತಿಗೆ ಇನ್ನೂ 3 ಸೇರಿಸಿದರು. ಕಮಾನು ಒಮ್ಮೆಗೇ ಜೋಡಿ ತಂತಿಯನ್ನು ಉಜ್ಜಿದಾಗ ನಾದ ತುಂಬಿಕೊಂಡಿತು.

ಪಿಟೀಲು ಮೊದಲೇ ನಮ್ಮ ಕಡೆಯದಲ್ಲ. ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯುರೋಪಿಯನ್ನರಿಂದ ಕಲಿತು ಕರ್ನಾಟಕ ಸಂಗೀತಕ್ಕೆ ತಂದರು. ನಿಂತು ನುಡಿಸುತ್ತಿದ್ದದ್ದನ್ನು ನಮ್ಮವರು ನೆಲದ ಮೇಲೆ ಕೂತು, ತುದಿಯನ್ನು ಪಾದಕ್ಕೆ ಆನಿಸಿ ನುಡಿಸಿದರು. ಶ್ರುತಿಯೂ ಬದಲಾಯಿತು: ಸ-ಪ-ಸ-ಪ. ಕೈ ಜಾರದಂತೆ ಹಿಡಿತ ಸಿಕ್ಕರೆ ಗಮಕ ಸಲೀಸು.

ಇಂಥದ್ದೇ ಕಥೆ ಐರ್ಲೆಂಡಿನಲ್ಲೂ ಇದೆ. ಅದು ನಮಗೆ ಇನ್ನೂ ಸ್ವಾರಸ್ಯ ಅನ್ನಿಸಿತು. ಗ್ರೀಸ್ ದೇಶದ ಬೂಜೂಕಿ ಎಂಬ ಜೋಡಿ ತಂತಿಗಳ ಮೀಟುವ ವಾದ್ಯವನ್ನು 1960ರ ದಶಕದಲ್ಲಿ ಜಾನಿ ಮೊಯ್ನಿಹಾನ್ ಐರಿಶ್ ಜನಪದ ಸಂಗೀತಕ್ಕೆ ತಂದರು, ಶ್ರುತಿ ಬದಲಿಸಿದರು. ಮೂಲ ವಾದ್ಯದ ಕೆಳಗಿನ ಎರಡು ಜೋಡಿಗಳಲ್ಲಿ ಒಂದು ತಂತಿ ಇನ್ನೊಂದಕ್ಕಿಂತ ಒಂದು ಸ್ಥಾಯಿ ಮೇಲಿರುತ್ತದೆ. ಡೋನಲ್ ಲುನ್ನಿ ಅದನ್ನು ತೆಗೆದು ಎರಡನ್ನೂ ಒಂದೇ ಶ್ರುತಿಗೆ ತಂದರು. ಆಮೇಲೆ ಗುಂಡಗಿನ ಬೆನ್ನೂ ಹೋಗಿ ಚಪ್ಪಟೆ ಬೆನ್ನು ಬಂತು. ಈಗ ಅದನ್ನು ಐರಿಶ್ ಬೂಜೂಕಿ ಅಂತಲೇ ಕರೆಯುತ್ತಾರೆ.

ನಮ್ಮಲ್ಲಿ 7 ತಂತಿ ರೂಢಿಗೆ ಬರಲಿಲ್ಲ. ಮೈಕ್ ಬಂದ ಮೇಲೆ ಅದರ ಅಗತ್ಯವೂ ಅಷ್ಟಿರಲಿಲ್ಲ. ಶ್ರುತಿ ಕೂಡಿಸಲು ಮಾತ್ರ 3 ತಂತಿ ಹೆಚ್ಚು. ಇವತ್ತು ಕಚೇರಿಗಳಲ್ಲಿ ಕಾಣುವುದು 4 ತಂತಿಯ ಪಿಟೀಲೇ. 7 ತಂತಿಯದ್ದನ್ನು ನೋಡಬೇಕೆಂದರೆ ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನದ ಮುಂದೆ ನಿಲ್ಲಿ, 1980ರಲ್ಲಿ ಆರಂಭವಾದ ಆ ಕಟ್ಟಡದ ಆಕಾರವೇ ಅದು.